ಮನೆತನದಲ್ಲಿ ಥೈರಾಯ್ಡ್: ಬಳುವಳಿಯಾಗಿ ಬರುವುದು ರೋಗವಲ್ಲ, ರೋಗಪ್ರವೃತ್ತಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಮದುವೆಯ ಮಾತು ಎದ್ದೊಡನೆ ಕೇಳಿಬರುವ ಮೊದಲ ಪ್ರಶ್ನೆಗಳು ಗೋತ್ರ ಯಾವುದು, ಬೆಡಗು ಯಾವುದು, ತಾಯಿಯ ತವರು ಎಲ್ಲಿಯದು ಎಂಬವು. ಸಿರುಮುಗೈ, ನೆಗಮಂಗಳ ನೇಕಾರ ಮನೆತನಗಳಿರಲಿ, ಪೊಳ್ಳಾಚಿ, ಉಡುಮಲೈಪೇಟೆಯ ಬೇಸಾಯದ ಕುಟುಂಬಗಳಿರಲಿ, ಮೂರು ನಾಲ್ಕು ತಲೆಮಾರುಗಳ ಸಂಬಂಧಗಳನ್ನು ಬೆರಳುಮಡಿಕೆಯಲ್ಲಿ ಎಣಿಸಿ ಹೇಳಬಲ್ಲ ಹಿರಿಯರು ಇಂದಿಗೂ ಇದ್ದಾರೆ. ಆದರೆ ಅದೇ ವಂಶಾವಳಿಯ ಹೆಂಗಸರಲ್ಲಿ ಯಾರ ಕೊರಳು ಊದಿತ್ತು, ಯಾರು ದಿನವೂ ಮಾತ್ರೆ ನುಂಗುತ್ತಿದ್ದರು, ಹೆರಿಗೆಯ ನಂತರ ಯಾರು ಕಾರಣ ತಿಳಿಯದೆ ಸೊರಗಿದರು ಎಂದು ಕೇಳಿದರೆ ಆ ನೆನಪು ಮೌನವಾಗುತ್ತದೆ. ಕೆಲವೊಮ್ಮೆ ಅದು ಮರೆವು. ಬಹಳ ಸಲ ಮರೆಮಾಚುವಿಕೆ. ಮನೆಯಲ್ಲಿ ಥೈರಾಯ್ಡ್ ಇದೆಯೆಂದು ತಿಳಿದರೆ ಹೆಣ್ಣುಮಗಳ ಸಂಬಂಧಕ್ಕೆ ಅಡ್ಡಿಯಾದೀತೆಂಬ ಅಂಜಿಕೆ ಅದರ ಹಿಂದಿದೆ.

ಈ ಮೌನ ದುಬಾರಿಯಾದುದು. ಸ್ವಪ್ರತಿರಕ್ಷಾ ಥೈರಾಯ್ಡ್ ರೋಗವೆಂದು ವೈದ್ಯಶಾಸ್ತ್ರ ಕರೆಯುವ ಈ ತೊಂದರೆಯಲ್ಲಿ ಕುಟುಂಬದ ಆರೋಗ್ಯಚರಿತ್ರೆಯಷ್ಟು ಅಗ್ಗವಾದ, ಅಷ್ಟೇ ಉಪಯುಕ್ತವಾದ ಮಾಹಿತಿ ಬೇರೊಂದಿಲ್ಲ. ತಾಯಿಯಿಂದ ಮಗಳಿಗೆ ಸಾಗುವುದು ರೋಗವಲ್ಲ, ರೋಗದ ಕಡೆಗೆ ವಾಲುವ ಪ್ರವೃತ್ತಿ ಮಾತ್ರ. ಆ ಪ್ರವೃತ್ತಿಯನ್ನು ಮೊದಲೇ ಅರಿತ ಕುಟುಂಬಕ್ಕೆ ಭಯಪಡಬೇಕಾದದ್ದು ಕಡಿಮೆ. ಮುಚ್ಚಿಟ್ಟ ಕುಟುಂಬಕ್ಕೆ ಕಳೆದುಕೊಳ್ಳುವುದು ಹೆಚ್ಚು.

ಕಾವಲುಗಾರನೇ ಎದುರಾದಾಗ

ಕೊರಳಿನ ಮುಂಭಾಗದಲ್ಲಿ, ಗಂಟಲ ಗಂಟಿನ ಕೆಳಗೆ, ಚಿಟ್ಟೆಯ ಆಕಾರದಲ್ಲಿ ಹರಡಿಕೊಂಡಿರುವ ಸಣ್ಣ ಗ್ರಂಥಿಯೇ ಥೈರಾಯ್ಡ್. ಆಹಾರದಲ್ಲಿನ ಅಯೋಡಿನ್ ಹೀರಿಕೊಂಡು ಅದು ತಯಾರಿಸುವ ಹಾರ್ಮೋನು ದೇಹದ ಒಲೆಯ ಉರಿಯನ್ನು ಹದದಲ್ಲಿಡುತ್ತದೆ. ಹೃದಯದ ಬಡಿತ, ಮೈಯ ಬಿಸಿ, ಮಕ್ಕಳ ಬೆಳವಣಿಗೆ, ಮಿದುಳಿನ ಚುರುಕು, ಮುಟ್ಟಿನ ಕ್ರಮ ಎಲ್ಲವೂ ಈ ಹದವನ್ನು ಅವಲಂಬಿಸಿವೆ.

ರೋಗಾಣುಗಳನ್ನು ಗುರುತಿಸಿ ನಾಶಮಾಡಬೇಕಾದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ತನ್ನದೇ ಥೈರಾಯ್ಡನ್ನು ಪರಕೀಯವೆಂದು ಭಾವಿಸುತ್ತದೆ. ಆಗ ಎರಡರಲ್ಲೊಂದು ಸಂಭವಿಸುತ್ತದೆ. ಮೊದಲನೆಯದರಲ್ಲಿ ಗ್ರಂಥಿ ಮೆಲ್ಲಮೆಲ್ಲನೆ ಸವೆದು ಹಾರ್ಮೋನು ಕುಗ್ಗುತ್ತದೆ: ಆಯಾಸ, ಚಳಿ, ಮಲಬದ್ಧತೆ, ತೂಕದ ಏರಿಕೆ, ಮುಟ್ಟಿನ ಏರುಪೇರು. ಇದು ಹಶಿಮೊಟೊ ರೋಗ. ಎರಡನೆಯದರಲ್ಲಿ ತಪ್ಪು ಪ್ರತಿಕಾಯಗಳು ಗ್ರಂಥಿಯನ್ನು ಸವೆಸುವ ಬದಲು ಹುರಿದುಂಬಿಸುತ್ತವೆ. ಹಾರ್ಮೋನು ಮಿತಿಮೀರಿ ಎದೆ ಬಡಿತ ಏರುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ, ಕೆಲವರ ಕಣ್ಣುಗಳು ಮುಂದೆ ಚಾಚುತ್ತವೆ. ಇದು ಗ್ರೇವ್ಸ್ ರೋಗ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವರ್ಣಿಸಿದರು.

ಹಶಿಮೊಟೊ ರೋಗಕ್ಕೆ ಹೆಸರು ಕೊಟ್ಟವರು ಜಪಾನಿನ ಯುವ ಶಸ್ತ್ರವೈದ್ಯ ಹಕಾರು ಹಶಿಮೊಟೊ. 1912ರಲ್ಲಿ ನಾಲ್ವರು ಹೆಂಗಸರ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಬಿಳಿರಕ್ತಕಣಗಳು ತುಂಬಿ ನಿಂತಿರುವುದನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅನಂತರ ಹುಟ್ಟೂರಿಗೆ ಮರಳಿ ಹಳ್ಳಿಯ ವೈದ್ಯರಾಗಿಯೇ ಬಾಳಿ 1934ರಲ್ಲಿ ತೀರಿಕೊಂಡರು. ಅವರು ಕಂಡದ್ದರ ಅರ್ಥ ಜಗತ್ತಿಗೆ ತಿಳಿದದ್ದು 1956ರಲ್ಲಿ. ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಅವರದೇ ಥೈರಾಯ್ಡಿನ ವಿರುದ್ಧದ ಪ್ರತಿಕಾಯಗಳನ್ನು ತೋರಿಸಿಕೊಟ್ಟರು. ದೇಹ ತನ್ನ ಮೇಲೆ ತಾನೇ ದಾಳಿ ಮಾಡಬಲ್ಲದೆಂಬ ಸತ್ಯಕ್ಕೆ ಥೈರಾಯ್ಡ್ ಮೊದಲ ಸಾಕ್ಷಿಗಳಲ್ಲೊಂದಾಯಿತು.

ಉಪ್ಪು ಬದಲಾಯಿತು, ರೋಗದ ಮುಖವೂ ಬದಲಾಯಿತು

ಹಿಂದಿನ ತಲೆಮಾರಿನವರು ಕೊರಳು ಊದುವುದನ್ನು ಗಳಗಂಡ ಎಂದು ಕರೆದು, ಅದಕ್ಕೆ ಅಯೋಡಿನ್ ಕೊರತೆಯೇ ಕಾರಣವೆಂದು ಶಾಲೆಯಲ್ಲಿ ಓದಿದ್ದರು. ಆ ಪಾಠ ಸುಳ್ಳಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಪ್ರಯೋಗ ಅಯೋಡಿನ್ ಬೆರೆತ ಉಪ್ಪಿನಿಂದ ಗಳಗಂಡ ತಗ್ಗುವುದನ್ನು ಸಿದ್ಧಪಡಿಸಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದನ್ನು ದೇಶದಾದ್ಯಂತ ಮತ್ತೆ ನಿಷೇಧಿಸಲಾಯಿತು.

ಹಾಗಿದ್ದರೂ ಥೈರಾಯ್ಡ್ ತೊಂದರೆ ಮನೆಗಳಿಂದ ತೊಲಗಲಿಲ್ಲ. ಪಾಲಕ್ಕಾಡು ಕಣಿವೆಯ ಆಚೆ, ಅಯೋಡಿನ್ ಸಾಕಷ್ಟಿರುವ ಕೊಚ್ಚಿಯಲ್ಲಿ 971 ವಯಸ್ಕರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 3.9 ಮಂದಿಗೆ ಹಾರ್ಮೋನಿನ ಸ್ಪಷ್ಟ ಕೊರತೆಯೂ ಶೇ. 9.4 ಮಂದಿಗೆ ಲಕ್ಷಣವಿಲ್ಲದ ಆರಂಭಿಕ ಕೊರತೆಯೂ ಕಂಡುಬಂದವು. ಚೆನ್ನೈ, ಬೆಂಗಳೂರು ಸೇರಿದಂತೆ ಎಂಟು ನಗರಗಳ 5376 ವಯಸ್ಕರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸುಮಾರು ಶೇ. 11 ಮಂದಿಗೆ ಥೈರಾಯ್ಡ್ ಹಾರ್ಮೋನಿನ ಕೊರತೆಯಿತ್ತು. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಅದು ಅದುವರೆಗೆ ತಿಳಿದೇ ಇರಲಿಲ್ಲ. ಗ್ರಂಥಿಯ ವಿರುದ್ಧದ ಪ್ರತಿಕಾಯ ಸುಮಾರು ಶೇ. 22 ಮಂದಿಯಲ್ಲಿತ್ತು, ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು.

ಇಷ್ಟು ವ್ಯಾಪಕವಾದದ್ದನ್ನು ಒಂದು ಮನೆತನದ ಕಳಂಕವೆಂದು ಬಗೆಯುವುದು ಅರ್ಥಹೀನ. ಪ್ರತಿಕಾಯ ಉಳ್ಳವರೆಲ್ಲ ರೋಗಿಗಳೂ ಅಲ್ಲ. ಇಂಗ್ಲೆಂಡಿನ ವಿಕಂ ಎಂಬಲ್ಲಿ 1972ರಲ್ಲಿ ಆರಂಭಿಸಿ ಇಪ್ಪತ್ತು ವರ್ಷ ಅನುಸರಿಸಿದ ಸಮೀಕ್ಷೆ ಇದನ್ನು ಅಳೆದಿದೆ. ಪ್ರತಿಕಾಯ ಮಾತ್ರ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಇಬ್ಬರು, ಪ್ರತಿಕಾಯದ ಜೊತೆಗೆ ಟಿಎಸ್‌ಎಚ್ ಮಟ್ಟವೂ ಏರಿದ್ದವರಲ್ಲಿ ನೂರಕ್ಕೆ ನಾಲ್ವರು ಹಾರ್ಮೋನು ಕೊರತೆಯ ಸ್ಥಿತಿಗೆ ತಲಪಿದರು. ಟಿಎಸ್‌ಎಚ್ ಎಂದರೆ ಥೈರಾಯ್ಡಿಗೆ ಕೆಲಸದ ಆಜ್ಞೆ ಕೊಡಲು ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಹಾರ್ಮೋನು. ಥೈರಾಯ್ಡ್ ಸೋಮಾರಿಯಾದಷ್ಟೂ ಈ ಆಜ್ಞೆಯ ದನಿ ಏರುತ್ತದೆ.

ಅವಳಿಗಳು ಹೇಳಿದ ಸಾಕ್ಷ್ಯ

ರೋಗ ವಂಶದಲ್ಲಿ ಬರುತ್ತದೆಂದು ಹೇಳುವುದು ಸುಲಭ. ಎಷ್ಟರ ಮಟ್ಟಿಗೆ ಎಂದು ಅಳೆಯುವುದು ಕಷ್ಟ. ಒಂದೇ ಮನೆಯವರು ಒಂದೇ ನೀರು ಕುಡಿಯುತ್ತಾರೆ, ಒಂದೇ ಉಪ್ಪು ತಿನ್ನುತ್ತಾರೆ. ಕಾರಣ ರಕ್ತವೋ ಅಡುಗೆಮನೆಯೋ ಎಂದು ಬೇರ್ಪಡಿಸಬೇಕು. ಅದಕ್ಕೆ ವಿಜ್ಞಾನಿಗಳು ಅವಳಿಗಳ ಕಡೆಗೆ ತಿರುಗಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಸಾಮಾನ್ಯ ಅಕ್ಕತಂಗಿಯರಷ್ಟೇ ಹೋಲುವವರು. ಡೆನ್ಮಾರ್ಕಿನ ಅವಳಿಗಳ ದಾಖಲೆಯನ್ನು ಆಧರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬರಿಗೆ ಗ್ರೇವ್ಸ್ ರೋಗವಿದ್ದಾಗ ಏಕಾಂಡ ಅವಳಿಗೂ ಅದು ಇದ್ದ ಪ್ರಮಾಣ ಶೇ. 35, ಎರಡಂಡದ ಅವಳಿಗಳಲ್ಲಿ ಕೇವಲ ಶೇ. 3. ರೋಗಕ್ಕೆ ಈಡಾಗುವ ಸಾಧ್ಯತೆಯ ವ್ಯತ್ಯಾಸದಲ್ಲಿ ಸುಮಾರು ಶೇ. 79 ಭಾಗ ವಂಶವಾಹಿಗಳದೆಂದು ಲೆಕ್ಕ ಹಾಕಲಾಯಿತು. ಹಶಿಮೊಟೊ ರೋಗದಲ್ಲಿ ಏಕಾಂಡ ಅವಳಿಗಳ ಪ್ರಮಾಣ ಶೇ. 55.

ಈ ಅಂಕಿಗಳನ್ನು ಎರಡು ಬದಿಯಿಂದಲೂ ಓದಬೇಕು. ವಂಶವಾಹಿಯ ಕೈ ದೊಡ್ಡದೆಂಬುದು ನಿಜ. ಆದರೆ ವಂಶವಾಹಿಗಳೆಲ್ಲ ಒಂದೇ ಆಗಿರುವ ಅವಳಿಗಳಲ್ಲಿಯೂ ನೂರರಲ್ಲಿ ಅರುವತ್ತೈದು ಸಲ ಎರಡನೆಯವರು ಗ್ರೇವ್ಸ್ ರೋಗದಿಂದ ಪಾರಾದರೆಂಬುದೂ ಅಷ್ಟೇ ನಿಜ. ಬೀಜ ಇದ್ದಮಾತ್ರಕ್ಕೆ ಮೊಳಕೆ ಒಡೆಯುವುದಿಲ್ಲ. ನೆಲ, ನೀರು, ಋತು ಕೂಡಬೇಕು. ಧೂಮಪಾನ, ಹೆರಿಗೆಯ ನಂತರದ ತಿಂಗಳುಗಳು, ಅಯೋಡಿನ್ ಪ್ರಮಾಣದ ಬದಲಾವಣೆ, ಕೆಲವು ಔಷಧಗಳು ಅಂಥ ಋತುಗಳು.

ನೆದರ್ಲೆಂಡ್ಸಿನ ಇನ್ನೊಂದು ಅಧ್ಯಯನ ನೇರವಾಗಿ ಕುಟುಂಬಗಳಿಗೆ ಸಂಬಂಧಿಸಿದ್ದು. ರೋಗಿಗಳ ರಕ್ತಸಂಬಂಧಿಗಳಾದ, ತಾವು ಆರೋಗ್ಯವಾಗಿದ್ದ ಸುಮಾರು 800 ಹೆಂಗಸರನ್ನು ಐದು ವರ್ಷ ಗಮನಿಸಿದಾಗ ಸ್ಪಷ್ಟ ರೋಗ ಕಂಡದ್ದು ವರ್ಷಕ್ಕೆ ನೂರಕ್ಕೆ ಒಂದೂವರೆಯಷ್ಟು ಮಂದಿಯಲ್ಲಿ. ಸಾಮಾನ್ಯ ಜನರಿಗಿಂತ ಇದು ಹೆಚ್ಚು. ಆದರೆ ಆ ಐದು ವರ್ಷಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ಹೆಂಗಸರು ಆರೋಗ್ಯವಾಗಿಯೇ ಉಳಿದರು.

ಯಾವ ವಂಶವಾಹಿಗಳ ಕೈವಾಡ

ಥೈರಾಯ್ಡಿಗೆ ಒಂದೇ ಒಂದು ಕೆಟ್ಟ ವಂಶವಾಹಿ ಇಲ್ಲ. ಸಣ್ಣಸಣ್ಣ ಒಲವುಗಳನ್ನುಂಟುಮಾಡುವ ಹಲವು ವಂಶವಾಹಿಗಳು ಕೂಡಿದಾಗ ತಕ್ಕಡಿ ವಾಲುತ್ತದೆ. ಅವುಗಳಲ್ಲಿ ಹಳೆಯ ಪರಿಚಯದ್ದು ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಸಮೂಹ. ಜೀವಕೋಶದೊಳಗಿನ ತುಣುಕುಗಳನ್ನು ಹೊರಗೆ ಹಿಡಿದು ‘ಇದು ನಮ್ಮದು, ಇದು ಪರಕೀಯ’ ಎಂದು ನಿರೋಧಕ ಕಣಗಳಿಗೆ ತೋರಿಸುವುದು ಇವುಗಳ ಕೆಲಸ. ಡಿಆರ್3 ಎಂಬ ಬಗೆ ಯೂರೋಪಿನವರಲ್ಲಿ ಗ್ರೇವ್ಸ್ ರೋಗದೊಂದಿಗೆ ಮತ್ತೆಮತ್ತೆ ಕಾಣಿಸಿಕೊಂಡಿದೆ. ಬಾಲ್ಯದ ಒಂದನೆಯ ಬಗೆಯ ಮಧುಮೇಹಕ್ಕೂ ಅದೇ ಸಮೂಹದೊಂದಿಗೆ ನಂಟಿದೆ. ಒಂದೇ ಮನೆಯಲ್ಲಿ ಮಗುವಿಗೆ ಮಧುಮೇಹ, ತಾಯಿಗೆ ಥೈರಾಯ್ಡ್, ಚಿಕ್ಕಮ್ಮನಿಗೆ ಬಿಳಿತೊನ್ನು ಕಾಣಬಹುದಾದ ಕಾರಣ ಇಂಥ ಹಂಚಿಕೆಯಲ್ಲಿದೆ.

ಎರಡನೆಯದು ಸಿಟಿಎಲ್‌ಎ-4. ಇದು ರೋಗನಿರೋಧಕ ವ್ಯವಸ್ಥೆಯ ತಡೆಗಾಲು. ದಾಳಿ ಸಾಕೆಂದು ಹೇಳಬೇಕಾದ ಈ ತಡೆ ಸಡಿಲವಾದರೆ ನಿರೋಧಕ ಕಣಗಳು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಇದೇ ತಡೆಯನ್ನು ಬೇಕೆಂದೇ ಸಡಿಲಿಸಿ ಕ್ಯಾನ್ಸರಿನ ಮೇಲೆ ದಾಳಿ ಮಾಡಿಸುವ ಚಿಕಿತ್ಸೆಯ ದಾರಿ ತೆರೆದುದಕ್ಕಾಗಿ ಜೇಮ್ಸ್ ಆಲಿಸನ್ ಅವರಿಗೆ, ಇಂಥದೇ ಇನ್ನೊಂದು ತಡೆಯನ್ನು ಕಂಡುಹಿಡಿದ ತಸುಕು ಹೊಂಜೊ ಅವರೊಂದಿಗೆ, 2018ರ ನೊಬೆಲ್ ಪ್ರಶಸ್ತಿ ಸಂದಿತು. ಆ ವರ್ಗದ ಔಷಧ ಪಡೆದ ಕೆಲವು ರೋಗಿಗಳಲ್ಲಿ ಥೈರಾಯ್ಡ್ ಉರಿಯೂತ ಕಾಣಿಸಿಕೊಳ್ಳುವುದು ಈ ವಂಶವಾಹಿಯ ಪಾತ್ರಕ್ಕೆ ಪರೋಕ್ಷ ಪುರಾವೆಯಂತಿದೆ. ಇವಲ್ಲದೆ ಥೈರಾಯ್ಡ್ ಗ್ರಂಥಿಗೇ ಸೇರಿದ ಎರಡು ವಂಶವಾಹಿಗಳಿವೆ: ಹಾರ್ಮೋನಿನ ಮೂಲದ್ರವ್ಯವಾದ ಥೈರೊಗ್ಲಾಬ್ಯುಲಿನ್ನಿನದು, ಟಿಎಸ್‌ಎಚ್ ಆಜ್ಞೆಯನ್ನು ಬರಮಾಡಿಕೊಳ್ಳುವ ಗ್ರಾಹಕದ್ದು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಪಿಟಿಪಿಎನ್22 ಎಂಬ ವಂಶವಾಹಿಯ ಒಂದು ಬದಲಾವಣೆ ಯೂರೋಪಿನವರಲ್ಲಿ ಮುಖ್ಯವಾದ ಅಪಾಯಕಾರಕ. ಭಾರತೀಯರಲ್ಲಿ ಅದು ಬಹಳ ವಿರಳ. ಹೀಗಾಗಿ ಹೊರನಾಡಿನ ಪಟ್ಟಿಯನ್ನು ಹಿಡಿದು ಇಲ್ಲಿನ ಮಗುವಿನ ಭವಿಷ್ಯ ಹೇಳಲಾಗದು. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಭಾರತದ ರೋಗಿಗಳಲ್ಲಿಯೇ ಎಚ್‌ಎಲ್‌ಎ ಮತ್ತು ಸಿಟಿಎಲ್‌ಎ-4 ಜೊತೆಗೂಡಿ ವರ್ತಿಸುವ ಬಗೆಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ್ದಕ್ಕೆ ಈ ಕಾರಣದಿಂದ ಬೆಲೆಯಿದೆ. ಎಂಜಲು ಕಳುಹಿಸಿದರೆ ಥೈರಾಯ್ಡ್ ಬರುವುದೋ ಇಲ್ಲವೋ ಎಂದು ಹೇಳುವೆವೆನ್ನುವ ದುಬಾರಿ ಪರೀಕ್ಷೆಗಳಿಗೆ ಮಾರುಹೋಗುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ. ಅವು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಅಜ್ಜಿಯ ನೆನಪೂ ಒಂದು ಟಿಎಸ್‌ಎಚ್ ಪರೀಕ್ಷೆಯೂ ಹೇಳುತ್ತವೆ.

ಹೆಣ್ಣಿಗೇ ಏಕೆ ಹೆಚ್ಚು

ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಐದರಿಂದ ಹತ್ತು ಪಟ್ಟು ಹೆಚ್ಚು. ಹೆಣ್ಣುದೇಹದ ಹಾರ್ಮೋನುಗಳು ಒಂದು ಕಾರಣ. ಎಕ್ಸ್ ವರ್ಣತಂತು ಇನ್ನೊಂದು. ಹೆಣ್ಣಿನಲ್ಲಿರುವ ಎರಡು ಎಕ್ಸ್‌ಗಳಲ್ಲಿ ಪ್ರತಿ ಜೀವಕೋಶವೂ ಒಂದನ್ನು ಮೌನಗೊಳಿಸುತ್ತದೆ. ಈ ಆಯ್ಕೆ ಒಂದೇ ಬದಿಗೆ ವಾಲಿರುವುದು ಥೈರಾಯ್ಡ್ ರೋಗವುಳ್ಳ ಹೆಂಗಸರಲ್ಲಿ ಹೆಚ್ಚಾಗಿ ಕಂಡುಬಂದಿದೆ. ಒಂದೇ ಎಕ್ಸ್ ಉಳ್ಳ ಟರ್ನರ್ ಲಕ್ಷಣಕೂಟದ ಹೆಣ್ಣುಮಕ್ಕಳಲ್ಲಿಯೂ, ಡೌನ್ ಲಕ್ಷಣಕೂಟದ ಮಕ್ಕಳಲ್ಲಿಯೂ ಈ ರೋಗ ಹೆಚ್ಚು. ಅವರಿಗೆ ಕ್ರಮವಾದ ರಕ್ತಪರೀಕ್ಷೆ ಬೇಕೇ ಬೇಕು.

ಗಂಡುಮಕ್ಕಳು ಈ ಕಥೆಯ ಹೊರಗಿಲ್ಲ. ತಂದೆಯ ಕಡೆಯಿಂದಲೂ ಪ್ರವೃತ್ತಿ ಸಾಗಬಲ್ಲದು. ಅಪ್ಪನಿಗೆ ರೋಗವಿಲ್ಲದಿದ್ದರೂ ಅವನ ತಾಯಿಯ, ಸೋದರಿಯರ ಆರೋಗ್ಯಚರಿತ್ರೆ ಮಗಳಿಗೆ ಸಂಬಂಧಿಸಿದ್ದೇ. ‘ಇದು ತಾಯಿಯ ಕಡೆಯಿಂದ ಬಂದದ್ದು’ ಎಂದು ಸೊಸೆಯತ್ತ ಬೆರಳು ತೋರಿಸುವ ಮನೆಯವರು ಈ ಸರಳ ಸಂಗತಿಯನ್ನು ಮರೆಯುತ್ತಾರೆ.

ಸೋದರಸಂಬಂಧದ ಮದುವೆಯ ಪ್ರಶ್ನೆ

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಈ ಭಾಗದಲ್ಲಿ ಇನ್ನೂ ಜೀವಂತವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗಿನವು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳ ಸರಾಸರಿ ನಾಲ್ಕನೇ ಒಂದು ಭಾಗ, ಸೋದರತ್ತೆ–ಸೋದರಮಾವಂದಿರ ಮಕ್ಕಳ ನಡುವೆ ಎಂಟನೇ ಒಂದು ಭಾಗ ಸಮಾನವಾಗಿರುತ್ತದೆ.

ಇದರಿಂದ ಮುಖ್ಯವಾಗಿ ಹೆಚ್ಚುವುದು ತಂದೆತಾಯಿಗಳಿಬ್ಬರಿಂದಲೂ ಒಂದೇ ದೋಷಯುಕ್ತ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ರೋಗಗಳು. ಸ್ವಪ್ರತಿರಕ್ಷಾ ಥೈರಾಯ್ಡ್ ರೋಗ ಆ ಜಾತಿಗೆ ಸೇರಿದ್ದಲ್ಲ. ಅದು ಹಲವು ವಂಶವಾಹಿಗಳ ಕೂಟ. ಆದರೆ ಅದರ ಪಕ್ಕದ ಇನ್ನೊಂದು ತೊಂದರೆ, ಎಂದರೆ ಮಗು ಹುಟ್ಟುವಾಗಲೇ ಥೈರಾಯ್ಡ್ ಹಾರ್ಮೋನು ತಯಾರಿಸಲಾಗದಿರುವುದು, ಕೆಲವು ಬಾರಿ ಇದೇ ಜಾತಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ 1130 ಶಿಶುಗಳಲ್ಲಿ ಒಂದಕ್ಕೆ, ದಕ್ಷಿಣ ಭಾರತದಲ್ಲಿ 727ರಲ್ಲಿ ಒಂದಕ್ಕೆ ಜನ್ಮಜಾತ ಕೊರತೆ ಇತ್ತು. ಹುಟ್ಟಿದ ಮೊದಲ ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ ಇದನ್ನು ತಿಳಿಸುತ್ತದೆ. ಎರಡು ವಾರಗಳೊಳಗೆ ಚಿಕಿತ್ಸೆ ಆರಂಭಿಸಿದರೆ ಮಗುವಿನ ಬುದ್ಧಿಬೆಳವಣಿಗೆ ಉಳಿಯುತ್ತದೆ, ತಡವಾದರೆ ಆದ ನಷ್ಟ ಪೂರ್ತಿ ತುಂಬದು. ಸಂಬಂಧದೊಳಗೆ ಮದುವೆಯಾದವರು ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಲೇಬೇಕು.

ಸೋದರಸಂಬಂಧವಿಲ್ಲದ ಮದುವೆಗೂ ಒಂದು ಮಾತು ಅನ್ವಯಿಸುತ್ತದೆ. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಖ್ ತಂಡಗಳು 2017ರಲ್ಲಿ ಪ್ರಕಟಿಸಿದಂತೆ, ಪರಿಶೀಲಿಸಿದ 263 ದಕ್ಷಿಣ ಏಷ್ಯಾದ ಸಮುದಾಯಗಳಲ್ಲಿ 81 ಸಮುದಾಯಗಳು ಕೆಲವೇ ಪೂರ್ವಜರಿಂದ ಕವಲೊಡೆದು, ತಮ್ಮೊಳಗೇ ಮದುವೆಯಾಗುತ್ತ ಬಂದುದರ ಗಾಢ ಗುರುತನ್ನು ಹೊತ್ತಿವೆ. ಗೋತ್ರ ಬೇರೆಯಾದರೂ ದೂರದ ಪೂರ್ವಜ ಒಬ್ಬನೇ ಆಗಿರಬಹುದು. ಆದ್ದರಿಂದ ಮನೆತನದ ಆರೋಗ್ಯಚರಿತ್ರೆ ಎಲ್ಲರಿಗೂ ಬೇಕಾದದ್ದು.

ಯಾರಿಗೆ, ಯಾವಾಗ ಪರೀಕ್ಷೆ

ತಾಯಿ, ಅಕ್ಕ, ಅಜ್ಜಿಯರಲ್ಲಿ ಥೈರಾಯ್ಡ್ ಇದ್ದ ಮಾತ್ರಕ್ಕೆ ಆರೋಗ್ಯವಾಗಿರುವ ಮಗುವನ್ನು ಮತ್ತೆಮತ್ತೆ ಪ್ರಯೋಗಾಲಯಕ್ಕೆ ಎಳೆಯಬೇಕಿಲ್ಲ. ಆದರೆ ಕೆಲವು ಹೊತ್ತುಗಳಲ್ಲಿ ಅಲಕ್ಷ್ಯ ಕೂಡದು.

ಶಾಲೆಯ ವಯಸ್ಸಿನಲ್ಲಿ ಮಗುವಿನ ಎತ್ತರ ನಿಂತಂತೆ ತೋರಿದರೆ, ಕೊರಳು ದಪ್ಪವಾದರೆ, ಚೆನ್ನಾಗಿ ಓದುತ್ತಿದ್ದ ಹುಡುಗಿ ಕಾರಣವಿಲ್ಲದೆ ಮಂಕಾದರೆ, ಋತುಮತಿಯಾಗುವುದು ತಡವಾದರೆ ಅಥವಾ ಮುಟ್ಟು ಅತಿಯಾದರೆ ಟಿಎಸ್‌ಎಚ್ ಪರೀಕ್ಷೆ ಬೇಕು. ಏಕಾಗ್ರತೆ ಕೆಟ್ಟು, ಕೈಬರಹ ನಡುಗಿ, ತಿಂದರೂ ತೂಕ ಇಳಿದರೆ ಗ್ರೇವ್ಸ್ ರೋಗದ ಸಂಶಯ ಬರಬೇಕು. ಇಂಥ ಮಕ್ಕಳನ್ನು ಸೋಮಾರಿ, ಚಂಚಲೆ ಎಂದು ಗದರಿಸುವ ಮೊದಲು ಕೊರಳನ್ನೊಮ್ಮೆ ನೋಡುವುದು ಹೆತ್ತವರ, ಶಿಕ್ಷಕರ ಕರ್ತವ್ಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಗಳಗಂಡವೂ ಇದೆ. ವೈದ್ಯರ ತಂಡ ಶಾಲೆಗೆ ಬಂದ ದಿನ ಮನೆಯ ಆರೋಗ್ಯಚರಿತ್ರೆಯ ಚೀಟಿಯೊಂದನ್ನು ಮಗುವಿನ ಕೈಯಲ್ಲಿ ಕಳುಹಿಸಿದರೆ ಅವರ ಕಣ್ಣು ಇನ್ನಷ್ಟು ಚುರುಕಾಗುತ್ತದೆ.

ಗರ್ಭಧಾರಣೆ ಎರಡನೆಯ ಮುಖ್ಯ ಹೊತ್ತು. ಮೊದಲ ತಿಂಗಳುಗಳಲ್ಲಿ ಭ್ರೂಣ ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಕುಟುಂಬದಲ್ಲಿ ರೋಗವಿರುವ ಹೆಣ್ಣುಮಕ್ಕಳು ಮಗುವನ್ನು ಬಯಸುವಾಗಲೇ, ತಪ್ಪಿದರೆ ಬಸಿರು ತಿಳಿದೊಡನೆ ಪರೀಕ್ಷಿಸಿಕೊಳ್ಳಬೇಕು. ಈಗಾಗಲೇ ಮಾತ್ರೆ ನುಂಗುತ್ತಿರುವವರಿಗೆ ಬಸುರಿನಲ್ಲಿ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ಕೂಡಲೇ ವೈದ್ಯರನ್ನು ಕಾಣಬೇಕು. ‘ಬಸುರಿಗೆ ಮಾತ್ರೆ ಬೇಡ’ ಎಂಬ ಹಿತವಚನಕ್ಕೆ ಕಿವಿಗೊಟ್ಟು ನಿಲ್ಲಿಸುವುದು ಮಗುವಿಗೆ ಹಾನಿ. ಗ್ರೇವ್ಸ್ ರೋಗಕ್ಕೆ ಔಷಧ ಪಡೆಯುವವರು ಗರ್ಭಧಾರಣೆಗೆ ಮೊದಲೇ ವೈದ್ಯರೊಡನೆ ಮಾತನಾಡಬೇಕು. ಕೆಲವು ಔಷಧಗಳನ್ನು ಆಗ ಬದಲಾಯಿಸಬೇಕಾಗುತ್ತದೆ.

ಮೂರನೆಯದು ಹೆರಿಗೆಯ ನಂತರದ ಒಂದು ವರ್ಷ. ಪ್ರತಿಕಾಯವುಳ್ಳ ಬಾಣಂತಿಯರಲ್ಲಿ ಗ್ರಂಥಿಯ ಉರಿಯೂತ ಈ ಅವಧಿಯಲ್ಲಿ ತಲೆಯೆತ್ತುತ್ತದೆ. ಮೊದಲು ಎದೆಬಡಿತ, ಆಮೇಲೆ ನಿತ್ರಾಣ, ಖಿನ್ನತೆ. ಬನಿಯನ್ ಕಾರ್ಖಾನೆಯ ಕೆಲಸಕ್ಕೆ ಮರಳಿದ ತಾಯಿಯ ದಣಿವನ್ನು ದುಡಿಮೆಯ ದಣಿವೆಂದೇ ತಿಳಿದು ಬಿಟ್ಟುಬಿಡುವುದು ಸುಲಭ.

ಚಿಕಿತ್ಸೆ ಸರಳ, ಶಿಸ್ತು ಮುಖ್ಯ

ಹಾರ್ಮೋನು ಕೊರತೆಗೆ ಲೆವೊಥೈರಾಕ್ಸಿನ್ ಮಾತ್ರೆ ಬಹಳ ಮನೆಗಳಿಗೆ ಪರಿಚಿತ. ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಕಾಫಿಗೂ ತಿಂಡಿಗೂ ಮುಕ್ಕಾಲು ಗಂಟೆಯಾದರೂ ಬಿಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರ ಬೇಕು. ಗ್ರೇವ್ಸ್ ರೋಗಕ್ಕೆ ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ತಡಮಾಡದೆ ರಕ್ತಪರೀಕ್ಷೆಗೆ ಹೋಗಬೇಕು. ವಿರಳವಾಗಿ ಆ ಔಷಧ ಬಿಳಿರಕ್ತಕಣಗಳನ್ನು ಅಪಾಯಕರವಾಗಿ ಇಳಿಸುತ್ತದೆ. ಧೂಮಪಾನ ಗ್ರೇವ್ಸ್ ರೋಗವನ್ನೂ ಅದರ ಕಣ್ಣಿನ ತೊಂದರೆಯನ್ನೂ ಉಲ್ಬಣಗೊಳಿಸುವುದರಿಂದ ಅಂಥ ಮನೆಯಲ್ಲಿ ಬೀಡಿ, ಸಿಗರೇಟಿಗೆ ಎಡೆಯಿರಬಾರದು.

ಅಯೋಡಿನ್ ಹೆಚ್ಚಾದರೆ ಪ್ರತಿಕಾಯ ಹೆಚ್ಚುತ್ತದೆಂಬ ಮಾತಿನಲ್ಲಿ ಹುರುಳಿದೆ; ಡೆನ್ಮಾರ್ಕ್ 2000ದಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸುವುದನ್ನು ಕಡ್ಡಾಯಗೊಳಿಸಿದ ಕೆಲವು ವರ್ಷಗಳಲ್ಲಿ ಅಲ್ಲಿ ಪ್ರತಿಕಾಯವುಳ್ಳವರ ಪ್ರಮಾಣ ಏರಿತು. ಹಾಗೆಂದು ಅಯೋಡಿನ್ ಉಪ್ಪು ಬಿಟ್ಟು ಕಲ್ಲುಪ್ಪಿಗೆ ಮರಳುವುದು ಬುದ್ಧಿವಂತಿಕೆಯಲ್ಲ. ಕೊರತೆಯಿಂದ ಗರ್ಭದ ಶಿಶುವಿನ ಮಿದುಳಿಗೆ ಆಗುವ ಹಾನಿ ಅದಕ್ಕಿಂತ ಬಹಳ ದೊಡ್ಡದು.

ಒಂದು ಹಾಳೆ, ಮೂರು ತಲೆಮಾರು

ಈ ವಾರ ಪ್ರತಿ ಕುಟುಂಬವೂ ಮಾಡಬಹುದಾದ ಕೆಲಸವೊಂದಿದೆ. ಶಾಲೆಯ ಮಗುವಿನ ನೋಟುಪುಸ್ತಕದ ಒಂದು ಹಾಳೆಯಲ್ಲಿ ಅಜ್ಜ ಅಜ್ಜಿಯರು, ತಂದೆ ತಾಯಿ, ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮಂದಿರ ಹೆಸರುಗಳನ್ನು ಮೂರು ಸಾಲುಗಳಲ್ಲಿ ಬರೆದು, ಪ್ರತಿಯೊಬ್ಬರ ಕೆಳಗೆ ಥೈರಾಯ್ಡ್, ಒಂದನೆಯ ಬಗೆಯ ಮಧುಮೇಹ, ಬಿಳಿತೊನ್ನು ಇದ್ದರೆ ಗುರುತಿಸಿ, ಆರಂಭವಾದ ವಯಸ್ಸನ್ನೂ ಸಂಬಂಧದೊಳಗಿನ ಮದುವೆಗಳನ್ನೂ ಸೂಚಿಸಬೇಕು. ಹಿರಿಯರು ಕನ್ನಡದಲ್ಲೇ ಹೇಳುತ್ತಾರೆ, ಮಕ್ಕಳು ಕನ್ನಡದಲ್ಲೇ ಬರೆಯುತ್ತಾರೆ. ಕೊಯಮತ್ತೂರಿನ ಅಥವಾ ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದಾಗ ಅದನ್ನು ತಮಿಳಿನಲ್ಲಿ ಹೇಳಿದರೆ ಸಾಕು.

ಮದುವೆಯ ಮಾತುಕತೆಯಲ್ಲಿಯೂ ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿರುವ ಥೈರಾಯ್ಡ್ ದಾಂಪತ್ಯಕ್ಕೂ ತಾಯ್ತನಕ್ಕೂ ಅಡ್ಡಿಯಲ್ಲ. ಅಡ್ಡಿಯಾಗುವುದು ಗುಟ್ಟು: ಹೊಸ ಮನೆಗೆ ಹೋದ ಹುಡುಗಿ ಅತ್ತೆಗೆ ತಿಳಿದೀತೆಂದು ಮಾತ್ರೆ ಬಿಡುತ್ತಾಳೆ, ಬಸಿರಾದಾಗ ಪರೀಕ್ಷೆ ಕೇಳಲು ಅಂಜುತ್ತಾಳೆ, ಅದರ ಬೆಲೆಯನ್ನು ಹುಟ್ಟಲಿರುವ ಕೂಸು ತೆರುತ್ತದೆ. ಗೋತ್ರವನ್ನು ಕೇಳುವಷ್ಟೇ ಸಹಜವಾಗಿ ಆರೋಗ್ಯವನ್ನು ಕೇಳುವ, ಕೇಳಿದ ಮೇಲೆ ಬೆನ್ನು ತಿರುಗಿಸದಿರುವ ಮನೆತನವೇ ತನ್ನ ಹೆಣ್ಣುಮಕ್ಕಳಿಗೆ ಕೊಡಬಹುದಾದ ದೊಡ್ಡ ಬಳುವಳಿಯನ್ನು ಕೊಟ್ಟಂತೆ.